ಮನ್ಯಾಗ ಯಾತಕ್ಕ ಬೈಸ್ಕೋತಿ?

ನಮ್ಮತ್ತೆ ಬೈಗುಳಗಳನ್ನು ಕೂಡಿಡುತ್ತಾರೆ. ಬೇರೆಯವರು ಅಂಚೆಚೀಟಿಗಳನ್ನೋ ಹಳೆಯ ನಾಣ್ಯಗಳನ್ನೋ ಕೂಡಿಡುವುದಿಲ್ಲವೇ, ಹಾಗೆ! ತಾವು ಬೈದದ್ದಲ್ಲ, ತಮಗೆ ಯಾರೋ ಬೈದದ್ದೂ ಅಲ್ಲ (ಅವರಿಗೆ ಬೈಯುವ ಧೈರ್ಯ ಬೆಟಗೇರಿಯಲ್ಲಿ ಯಾರಿಗಿದೆ?). ಊರೂರಿನ ಮಕ್ಕಳಿಗೆ ಅವರವರ ಮನೆಯಲ್ಲಿ ಬಿದ್ದ ಬೈಗುಳ. ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ನಿರುಪದ್ರವಿ ಹವ್ಯಾಸ ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಅವರು ಆ ಬೈಗುಳಗಳನ್ನೇ ಯೋಗ್ಯತೆಯ ಪುರಾವೆಯೆಂದು ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಾರೆ. ಅದಕ್ಕಿಂತ ಅನ್ಯಾಯವೆಂದರೆ, ವಿಶ್ವವಿದ್ಯಾಲಯಗಳು ಅದನ್ನು ಒಪ್ಪುತ್ತವೆ!

ನಾನು ಬೈಗುಳದ ಬದ್ಧ ವಿರೋಧಿ. ಅದನ್ನು ಮೊದಲೇ ದಾಖಲಿಸುತ್ತೇನೆ. ಮಕ್ಕಳನ್ನು ಬೈಯುವುದು ಹಿಂಸೆ. ಬೈದು ತಿದ್ದಿದೆವೆಂದು ನಂಬುವುದು ಹಿಂಸೆಯ ಸಮರ್ಥನೆ. 'ಬೈಗುಳವಿಲ್ಲದ ಮನೆ, ಭಯವಿಲ್ಲದ ಮಗು' ಎಂಬ ಭಿತ್ತಿಪತ್ರವನ್ನು ಬರೆದವಳು ನಾನೇ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳ ಗೋಡೆಗೆಲ್ಲ ಅದನ್ನು ಅಂಟಿಸಿದ್ದೇನೆ. ನಮ್ಮ ಅಡುಗೆಮನೆಯಲ್ಲಿಯೂ ಒಂದಿದೆ. ಅತ್ತೆ ಅದರ ಮೊಳೆಗೆ ಸೌಟು ತೂಗುಹಾಕಿದ್ದಾರೆ.

ನನ್ನ ಕೆಲಸ ಇದು: ಈ ನಾಲ್ಕು ಊರುಗಳ ಶಾಲೆ, ಪಿಯು ಕಾಲೇಜುಗಳ ಆಪ್ತಸಮಾಲೋಚಕರಿಗೆ ಶಿಫಾರಸು ಪತ್ರ ಬರೆಯಲು ನೆರವಾಗುವುದು. ಈಗ ಕೆಲವು ವಿಶ್ವವಿದ್ಯಾಲಯಗಳು ಬರಿಯ ಅಂಕಪಟ್ಟಿಗೆ ತೃಪ್ತವಾಗುವುದಿಲ್ಲ. 'ಈ ವಿದ್ಯಾರ್ಥಿ ಎಂಥವರು, ನೀವು ಬರೆದು ತಿಳಿಸಿ' ಎನ್ನುತ್ತವೆ, ಅದೂ ಇಂಗ್ಲಿಷಿನಲ್ಲಿ. (ಇದು ಮೊದಲನೆಯ ಅನ್ಯಾಯ.) ಮಹಾನಗರದ ಶಾಲೆಗಳಲ್ಲಿ ಈ ಕೆಲಸಕ್ಕೆಂದೇ ತಂಪು ಕೋಣೆಯಲ್ಲಿ ಕೂತ ತಜ್ಞರಿರುತ್ತಾರೆ. ನಮ್ಮಲ್ಲಿ ಸಿಬ್ಬಂದಿ ಸಭೆಯ ದಿನ ರಜೆ ಹಾಕಿದ ಶಿಕ್ಷಕರನ್ನೇ ಆಪ್ತಸಮಾಲೋಚಕರನ್ನಾಗಿ ಮಾಡಿಬಿಡುತ್ತಾರೆ! (ಇದು ಎರಡನೆಯದು. ಮುಂದಿನವನ್ನು ಎಣಿಸುವುದಿಲ್ಲ, ಓದುಗರಿಗೆ ಬೇರೆ ಕೆಲಸವಿರುತ್ತದೆ.)

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ನೇಕಾರಮನೆಯಲ್ಲಿ ಮಗ್ಗ ಸುಮ್ಮನಾಗಿ ಬಹಳ ಕಾಲವಾಯಿತು. ಅತ್ತೆ ಮಾತ್ರ ಸುಮ್ಮನಾದವರಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಶಾಲೆ ಬಿಡುವ ಪ್ರತಿಯೊಂದು ಮಗುವಿಗೂ ನಡತೆಯ ಪ್ರಮಾಣಪತ್ರವನ್ನು ಬರೆದುಕೊಟ್ಟ ಕೈ ಅದು.

"ಒಂದ ಸಾಲವ್ವಾ, ಅಷ್ಟೂ ವರ್ಷ ಒಂದ ಸಾಲು! 'ಇವರ ನಡತೆ ಉತ್ತಮವಾಗಿರುತ್ತದೆ.' ಮಾಸ್ತರ ಸೈಕಲ್ಲಿನ ಗಾಳಿ ಬಿಟ್ಟವಗೂ ಉತ್ತಮ, ಗಾಳಿ ತುಂಬಿಸಿಕೊಟ್ಟವಗೂ ಉತ್ತಮ. ಖರೆ ಹೇಳ್ತೀನಿ, ಕಡೀಕಡೀಗೆ ಮಕ್ಕಳ ಮುಖ ನೋಡೂದ ಬಿಟ್ಟಿದ್ದೆ" ಎಂದು ಅವರು ಆಗಾಗ ಹೇಳುತ್ತಾರೆ. ಈಗ ಮಾಡುತ್ತಿರುವುದು ಬಹುಶಃ ಆ ಒಂದು ಸಾಲಿನ ಪ್ರಾಯಶ್ಚಿತ್ತ.

ಅವರ ಇನ್ನೆರಡು ವಿಚಿತ್ರಗಳನ್ನೂ ಇಲ್ಲಿಯೇ ಹೇಳಬೇಕು. ಅವರ ಚಪ್ಪಲಿ ಎಂದೂ ಮನೆಯೊಳಗೆ ಬರುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಬೀದಿಗೆ ಮುಖಮಾಡಿ, ದಂಡಯಾತ್ರೆಗೆ ಹೊರಟ ಜೋಡಿ ಕುದುರೆಗಳಂತೆ ನಿಂತಿರುತ್ತದೆ. ಎರಡನೆಯದು, ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಸೀಟೇ ಆಗಬೇಕು, ಮೊಳಕೈ ಕಿಟಕಿಯ ಹೊರಗೇ ಇರಬೇಕು. ಕೈ ಹೊರಚಾಚಬೇಡಿ ಎಂಬ ಬರಹ ಅವರ ತಲೆಯ ಮೇಲೆಯೇ ಇರುತ್ತದೆ. ನಾನು ಬೈಯುವವಳಲ್ಲವಲ್ಲ!

"ಅತ್ತಿ, ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಒಂದು ವಿಷಯ ಪರಿಶೀಲಿಸಬಹುದೇನ್ರಿ?" ಎನ್ನುತ್ತೇನೆ.

"ಪರಿಶೀಲಸ್ತೀನಿ ಬಿಡು" ಎನ್ನುತ್ತಾರೆ. ಮೊಳಕೈ ಅಲ್ಲಿಯೇ ಇರುತ್ತದೆ.

ನಮ್ಮ ಮನೆಯಲ್ಲಿ ಅವರಿಗೆ ಎದುರಾಡುವವರೇ ಇಲ್ಲ. ನನ್ನ ತಂದೆ ತಾಯಿ ಕೂಡ ಅವರೊಂದಿಗೆ ಮಾತನ್ನು ತೂಗಿ ತೂಗಿ ಆಡುತ್ತಾರೆ. ಹೆದರಿಕೆ ಎಂದೇ ನಾನು ತಿಳಿದಿದ್ದೆ.

ಬೈಗುಳದ ಅಧ್ಯಾಯ ಶುರುವಾದದ್ದು ಗದಗಿನಲ್ಲಿ ನಾನು ನಡೆಸಿದ ಕಾರ್ಯಾಗಾರದಲ್ಲಿ. ನಾಲ್ಕೂ ಊರುಗಳ ಆಪ್ತಸಮಾಲೋಚಕರು ತಾವು ಬರೆದ ಪತ್ರಗಳನ್ನು ತಂದಿದ್ದರು. ಎಲ್ಲ ಪತ್ರಗಳಲ್ಲಿಯೂ ಒಬ್ಬನೇ ವಿದ್ಯಾರ್ಥಿ! ಪ್ರಾಮಾಣಿಕ, ಪರಿಶ್ರಮಿ, ಶಿಸ್ತಿನ ಸಿಪಾಯಿ. ಮುಂಡರಗಿಯ ಪಿ.ಟಿ. ಮಾಸ್ತರರ ಪತ್ರದಲ್ಲಂತೂ ಮೊದಲ ಸಾಲಿನಲ್ಲಿ ಹುಡುಗನಾಗಿದ್ದವನು ಕೊನೆಯ ಸಾಲಿನಲ್ಲಿ ಹುಡುಗಿಯಾಗಿದ್ದ. ಒಂದೇ ಪತ್ರವನ್ನು ನಕಲು ಮಾಡಿ ಹೆಸರು ಮಾತ್ರ ಬದಲಿಸುವುದು ಮಗುವಿನ ಅಸ್ಮಿತೆಯ ನಿರಾಕರಣೆ ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ನನಗೆ ಬುತ್ತಿ ತಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ಎದ್ದು ನಿಂತರು.

"ಮಾಸ್ತರ, ಈ ಹುಡುಗಗ ಮನ್ಯಾಗ ಯಾತಕ್ಕ ಬೈತಾರ?"

ಪಿ.ಟಿ. ಮಾಸ್ತರರ ಮುಖ ಅರಳಿತು. "ಅದನ್ನೇನ್ ಕೇಳ್ತೀರ್ರಿ ಅಕ್ಕಾರ! ಅವರವ್ವ ಸಾಲಿಗೇ ಬಂದು ನನ್ನ ಮುಂದ ಅತ್ತು ಹೋಗ್ಯಾಳ. ಹಿಟ್ಟಿನ ಡಬ್ಬಿ ಉಳಸಂಗಿಲ್ಲಂತ."

"ತಿಂತಾನೇನು?"

"ತಿಂದ್ರ ಚಿಂತಿಲ್ರಿ! ಅಡಗಿ ಮನ್ಯಾಗ ಇರುವಿ ಸಾಲಿನ ಮುಂದ ಮೂರು ಗುಂಪಿ ಹಾಕ್ತಾನ. ಜ್ವಾಳದ ಹಿಟ್ಟಿಂದೊಂದು, ಗೋದಿದೊಂದು, ಕಡ್ಲಿದೊಂದು. ಯಾವುದಕ್ಕ ಮೊದ್ಲ ಹೋಗ್ತಾವ, ಎಷ್ಟ ಹೋಗ್ತಾವ ಅಂತ ಬೋರಲ ಮಕ್ಕೊಂಡು ನೋಡ್ತಾನ. ಅವರವ್ವ ಕಸಬರಗಿ ಹಿಡಕೊಂಡು ಬಂದ್ರ, 'ತಡಿಯವ್ವಾ, ಎಣಸಾಕತ್ತೀನಿ' ಅಂತಾನ."

ಸಭೆ ನಕ್ಕಿತು. ಅತ್ತೆ ನಗಲಿಲ್ಲ. "ಇಷ್ಟ ಗೊತ್ತಿದ್ದೂ ಪರಿಶ್ರಮಿ ಅಂತ ಬರದೀರಲ್ಲ ಮಾಸ್ತರ! ಮೊದ್ಲ ನಿಮಗ ಯಾರರ ಬೈಬೇಕು."

ಮಾಸ್ತರರು ಅಲ್ಲಿಯೇ ಕೂತು ಇರುವೆ, ಹಿಟ್ಟು, ಕಸಬರಿಗೆ ಸಮೇತ ಹೊಸ ಪತ್ರ ಬರೆದರು. ಹುಡುಗನಿಗೆ ವಿಜ್ಞಾನದ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ಅವರ ಮನೆಯ ಹಿಟ್ಟಿನ ಡಬ್ಬಿ ತುಂಬಿಯೇ ಇರುತ್ತದೆ. ಅದನ್ನು ನೋಡಿ ಅವನವ್ವ ಈಗ ಅದಕ್ಕೂ ಬೈಯುತ್ತಾಳಂತೆ!

ಅಂದಿನಿಂದ ಆಪ್ತಸಮಾಲೋಚಕರು ನನ್ನನ್ನು ಬಿಟ್ಟು ಅತ್ತೆಗೇ ಫೋನ್ ಮಾಡತೊಡಗಿದರು. ಅತ್ತೆ ಇನ್ನೂರು ಪುಟದ ನೋಟ್‌ಬುಕ್ ಕೊಂಡು, ಒಂದು ಮಗುವಿಗೆ ಒಂದು ಪುಟದಂತೆ, ಮೇಲೆ ಹೆಸರು, ಕೆಳಗೆ ಬೈಗುಳ ಬರೆಯತೊಡಗಿದರು. ನಾನು ತಾತ್ವಿಕವಾಗಿ ಪ್ರತಿಭಟಿಸಿದೆ. ಹಿಂಸೆಯನ್ನು ಅರ್ಹತೆಯ ಮಾನದಂಡವನ್ನಾಗಿ ಮಾಡುವುದು ಎಷ್ಟು ಅಪಾಯಕಾರಿ ಎಂದು ವಿವರಿಸಿದೆ. ಅವರು ಬದನೆಕಾಯಿ ಹೆಚ್ಚುತ್ತ ಪೂರ್ತಿ ಕೇಳಿದರು.

"ಹೊಗಳಾಕ ಏನ ಬೇಕವ್ವಾ? ಬಾಯಿ ಇದ್ರ ಸಾಕು. ಬೈಯಾಕ ಕಣ್ಣು ಬೇಕು. ದಿನಾ ನೋಡದ ಯಾರಿಗೂ ಬೈಯಾಕ ಬರಂಗಿಲ್ಲ."

ನನ್ನ ಬಳಿ ಉತ್ತರವಿತ್ತು. ಆದರೆ ಬದನೆಕಾಯಿ ಮುಗಿದಿತ್ತು.

ಶಿರಹಟ್ಟಿಯಲ್ಲಿ ಒಬ್ಬ ಹುಡುಗಿ. ಕಾನೂನು ಓದಬೇಕೆಂಬ ಆಸೆ. ಅಲ್ಲಿನ ಆಪ್ತಸಮಾಲೋಚಕಿ 'ಮೃದುಭಾಷಿ' ಎಂದು ಬರೆದಿದ್ದರು. ಅತ್ತೆ ಮನೆಗೇ ಹೋಗಿ ತಮ್ಮ ಪ್ರಶ್ನೆ ಕೇಳಿದರು. ತಂದೆ ಹಣೆ ಬಡಿದುಕೊಂಡ.

"ರೇಷನ್ ಅಂಗಡಿಗೆ ಕಳಸ್ಬಾರದ್ರಿ ಈಕಿನ್ನ! ಗೋಡಿ ಮ್ಯಾಲಿನ ಬೋರ್ಡು ಪಾಳಿಯಾಗ ನಿಂತವ್ರಿಗೆಲ್ಲಾ ಓದಿ ಹೇಳ್ತಾಳ. ಯಾರಿಗೆಷ್ಟ ಅಕ್ಕಿ ಬರಬೇಕು, ಕೊಡದಿದ್ರ ಯಾರಿಗೆ ಅರ್ಜಿ ಕೊಡಬೇಕು, ಎಲ್ಲಾ! ನಾವು ಅಕ್ಕಿ ತರಾಕ ಕಳಸಿದ್ರ ಈಕಿ ಸಂವಿಧಾನ ತರತಾಳ!"

ಅತ್ತೆ ಒಂದಕ್ಷರವನ್ನೂ ಬಿಡದೆ ಬರೆದುಕೊಂಡರು. ಆ ಕೊನೆಯ ವಾಕ್ಯವೇ ಪತ್ರದ ಮೊದಲ ವಾಕ್ಯವಾಯಿತು. ಅದನ್ನು ಇಂಗ್ಲಿಷಿಗೆ ತರಲು ನಾನು ಪಟ್ಟ ಪಾಡನ್ನು ಮಾತ್ರ ಯಾರೂ ಕೇಳಲಿಲ್ಲ.

ವಿಧಾನ ಎಲ್ಲ ಕಡೆಯೂ ಸಲೀಸಾಗಿ ನಡೆಯಿತೆಂದಲ್ಲ. ಗದಗಿನ ಒಂದು ಅನುಕೂಲಸ್ಥರ ಮನೆಯಲ್ಲಿ ಮೂರು ಸಲ ಚಹ ಕುಡಿದರೂ ಒಂದು ಬೈಗುಳ ಹುಟ್ಟಲಿಲ್ಲ. "ನಮ್ಮ ಹುಡುಗ ಬಂಗಾರ್ರಿ, ಅಪ್ಪಟ ಬಂಗಾರ" ಎಂದು ತಾಯಿ ಒಂದೇ ಸಮನೆ ಹೇಳಿದರು. ಅತ್ತೆ ಎದ್ದರು.

"ಬಂಗಾರಕ್ಕ ಸಾಲಿಯವರ ಪತ್ರ ಯಾಕ ಬೇಕ್ರಿ? ಸರಾಫ ಅಂಗಡಿಯವರ ಚೀಟಿ ಸಾಕು."

ಆ ತಾಯಿ ಸಿಟ್ಟಾದರು, ಆಗಬೇಕಾದದ್ದೇ. ನಾವಿನ್ನೂ ಮೆಟ್ಟಿಲು ಇಳಿಯುತ್ತಿರುವಾಗ ಆ ಸಿಟ್ಟು ಒಳಗೆ ಮಗನ ಮೇಲೆ ತಿರುಗಿತು. "ಮತ್ತ ಆ ಕೆಲಸದಾಕಿ ಮುಂದ ಕುಂತೇನು? ಎಷ್ಟ ಸಲ ಹೇಳೀನಿ ನಿನಗ! ಆಕಿಗೆ ಸಹಿ ಮಾಡೂದು ಕಲಸ್ಕೊಂತ ಕುಂತ್ರ ಭಾಂಡೆ ಯಾರು ತಿಕ್ಕಬೇಕು, ನಿಮ್ಮಪ್ಪನೇನು?"

ಅತ್ತೆ ಮೆಟ್ಟಿಲ ಮೇಲೆಯೇ ನೋಟ್‌ಬುಕ್ ತೆರೆದರು. ದುಡಿಯುವ ಹೆಣ್ಣಿನ ಅಕ್ಷರದ ಹಕ್ಕನ್ನು ಭಾಂಡೆಯ ಕೆಳಗೆ ಇಡುವ ವರ್ಗದರ್ಪದ ಬಗ್ಗೆ ನಾನು ಅಲ್ಲಿಯೇ ನಾಲ್ಕು ಮಾತು ಆಡಲು ಗಂಟಲು ಸರಿಮಾಡಿಕೊಂಡೆ.

"ನಿನ್ನ ಭಾಷಣ ಬಸ್ಸಿನ್ಯಾಗ ಮಾಡು ತಂಗಿ. ಮೊದ್ಲ ಇದನ್ನ ಬರಕೋತೀನಿ, ಆರಿ ಹೋದೀತು."

ಹೀಗೆ ಎಲ್ಲಿಯೂ ಸೋಲದ ಅತ್ತೆ ಶಿಗ್ಲಿಯಲ್ಲಿ ಸೋತರು.

ಶಿಗ್ಲಿಯ ಒಬ್ಬ ಹುಡುಗಿ ಹತ್ತಿರದ ಲಕ್ಷ್ಮೇಶ್ವರದಲ್ಲಿ ಪಿಯು ಎರಡನೆಯ ವರ್ಷ ಓದುತ್ತಿದ್ದಳು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಓದು, ವಸತಿ, ಊಟ ಎಲ್ಲವೂ ಉಚಿತವಾಗಿ ಸಿಗುವ ಕೆಲವೇ ಸೀಟುಗಳಿಗೆ ಅರ್ಜಿ ಹಾಕಿದ್ದಳು. ಐದು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು, ತಂದೆ ಬೇರೆ ಸಂಸಾರ ಮಾಡಿಕೊಂಡ; ಸೋದರಮಾವನ ಮನೆಯಲ್ಲಿ, ಅಜ್ಜಿಯ ಬಳಿ ಬೆಳೆದವಳು. ಮಾವ ಓದಿಸುವುದಿಲ್ಲ ಎನ್ನುವವನಲ್ಲ. ಈಕೆ ಓದಿಸು ಎಂದು ಕೇಳುವವಳೇ ಅಲ್ಲ. ಆದ್ದರಿಂದ ಈ ಸೀಟೇ ಆಕೆಗಿದ್ದ ಒಂದೇ ದಾರಿ. ಆಪ್ತಸಮಾಲೋಚಕಿಯ ಹೆಚ್ಚುವರಿ ಹೊಣೆ ಹೊತ್ತ ವಿಜ್ಞಾನದ ಶಿಕ್ಷಕಿ ಗಾಬರಿಯಲ್ಲಿ ಫೋನ್ ಮಾಡಿದರು.

"ಅಕ್ಕಾರ, ಸೋಮವಾರ ಪತ್ರ ಕಳಸಬೇಕ್ರಿ. ಈಕಿ ಬಗ್ಗೆ 'ಶಾಂತ ಸ್ವಭಾವ' ಅನ್ನೂದ ಬಿಟ್ಟು ನನಗೇನೂ ಹೊಳೀವಲ್ತು."

"ಶಾಂತ ಅಂದ್ರೇನ್ರಿ ಬಾಯಾರ? ಬೀಸೂ ಕಲ್ಲೂ ಶಾಂತನ ಇರತೈತಿ. ಯಾತಕ್ಕ ಬೈಸ್ಕೋತಾಳಂತ?"

"ಬೈಸ್ಕೊಂಡದ್ದ ಇಲ್ಲಂತ್ರಿ."

ಶುಕ್ರವಾರ ನಾವು ಶಿಗ್ಲಿಗೆ ಹೋದೆವು. ಮಾವ ಇದ್ದ, ಮಾಮಿ ಇದ್ದಳು, ಮಾವನ ಮಕ್ಕಳಿಬ್ಬರು ಬಾಗಿಲಲ್ಲಿ ಗುದ್ದಾಡುತ್ತ ಬೈಸಿಕೊಳ್ಳುತ್ತಿದ್ದರು. ಹುಡುಗಿ ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಅತ್ತೆ ತಮ್ಮ ಪ್ರಶ್ನೆ ಕೇಳುತ್ತಲೇ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಬೈಯೂದಾ? ತಾಯಿ ಇಲ್ಲದ ಕೂಸಿಗೆ ಯಾರರ ಬೈತಾರೇನ್ರಿ? ಆಕಿ ಈ ಮನಿಗೆ ಬಂದ ದಿವಸನ ಎಲ್ಲಾರಿಗೂ ಆಣಿ ಹಾಕೀನಿ. ಒಂದ ಮಾತು ಅಂದ್ರ ನನ್ನ ಹೆಣದ ಮ್ಯಾಲ ಅಂದಂಗ. ಇವತ್ತಿನ ತನಾ ಯಾರೂ 'ಏ' ಅಂದಿಲ್ಲ."

"ಖರೇನ್ರಿ. ಊಟಕ್ಕೂ ಮೊದ್ಲ ಆಕಿಗೇ ನೀಡ್ತೀನಿ" ಎಂದಳು ಮಾಮಿ.

ನನ್ನ ಕಣ್ಣು ತುಂಬಿ ಬಂತು. ಬೈಗುಳವಿಲ್ಲದ ಮನೆ! ನನ್ನ ಭಿತ್ತಿಪತ್ರ ಶಿಗ್ಲಿಯಲ್ಲಿ ಜೀವಂತವಾಗಿ ನಿಂತಿತ್ತು! ಮುಂದಿನ ಭಿತ್ತಿಪತ್ರಕ್ಕೆ ಈ ಕುಟುಂಬದ ಚಿತ್ರವನ್ನೇ ಹಾಕಬೇಕೆಂದುಕೊಂಡೆ. ಅತ್ತೆ ಮಾತ್ರ ಹೊಸ್ತಿಲ ಕಡೆಗೇ ನೋಡುತ್ತಿದ್ದರು. ಎದ್ದವರೇ, "ಈಕಿನ್ನ ನಾಳೆ, ನಾಡದು ಬೆಟಗೇರಿಗೆ ಕಳಸ್ರಿ. ಅರ್ಜಿ ಕೆಲಸ ಐತಿ" ಎಂದರು.

ಬಸ್ಸಿನಲ್ಲಿ ಅತ್ತೆ ಮೊಳಕೈಯನ್ನು ಹೊರಗೆ ಹಾಕಿ ಕೂತರು. ಆಮೇಲೆ, "ಚಪ್ಪಲಿ ನೋಡಿದೇನು? ಎಲ್ಲಾರವೂ ಒಳಗ ಒಂದರ ಮ್ಯಾಲೊಂದು ಬಿದ್ದಾವ. ಆಕಿವು ಹೊರಗ, ಜೋಡಿಸಿಟ್ಟಂಗ, ಬೀದಿ ಕಡೆ ಮುಖ ಮಾಡಿ. ಹನ್ನೆರಡು ವರ್ಷ ಆತು, ಆ ಹುಡಿಗಿ ಇನ್ನೂ ಬೀಗರ ಮನಿಗೆ ಬಂದಾಕಿ ಇದ್ದಂಗ ಅದಾಳ" ಎಂದರು.

ನಾನು ಅದನ್ನು ಶಿಸ್ತು ಎಂದು ಬಗೆದಿದ್ದೆ.

ಶನಿವಾರ ಹುಡುಗಿ ಬಂದಳು. ಅಂದಿನಿಂದ ಅತ್ತೆಯ ಪರದಾಟ ನೋಡಬೇಕಿತ್ತು! ಬೈಯಲು ಒಂದು ಕಾರಣಕ್ಕಾಗಿ ಅವರು ಮನೆಯೆಲ್ಲ ಅಲೆದರು. ನಾವು ಏಳುವ ಮೊದಲೇ ಆಕೆಯ ಹಾಸಿಗೆ ಮಡಿಸಿಟ್ಟಾಗಿತ್ತು. ನಾವು ಕುಡಿದ ಲೋಟ ಕೆಳಗಿಡುವ ಮೊದಲೇ ತೊಳೆದಾಗಿತ್ತು. ಅತ್ತೆ ಬೇಕೆಂದೇ ಪಲ್ಲೆಗೆ ಉಪ್ಪು ಹಾಕದೆ ಬಡಿಸಿ, ಮುಖ ಸಿಂಡರಿಸಲೆಂದು ಕಾದರು. "ಚಲೋ ಆಗೇತ್ರಿ" ಎಂದಿತು ಆ ಹುಡುಗಿ! ಬೈಯುವುದಕ್ಕೆ ಬದಲು ಹುಡುಗಿಯ ಆತ್ಮಗೌರವವನ್ನು ಪೋಷಿಸೋಣ ಎಂದು ನಾನು ಸೂಚಿಸಿದೆ.

"ನೀ ಸ್ವಲ್ಪ ಸುಮ್ಮನಿರ್ತೀಯೇನು? ಮೂವತ್ತು ಮಂದಿ ಬೈಗಳ ಹುಡುಕೀನಿ, ಒಂದಕ್ಕೂ ಇಷ್ಟ ತ್ರಾಸ ಆಗಿದ್ದಿಲ್ಲ!"

ಭಾನುವಾರ ಮಧ್ಯಾಹ್ನ ಅತ್ತೆ ಸೋತು, ಹಾಲಿನ ಮೇಲೆ ಕಣ್ಣಿಡಲು ಆಕೆಗೆ ಹೇಳಿ ಅಡ್ಡಾದರು. ನಾನು ಪಕ್ಕದ ಕೋಣೆಯಲ್ಲಿ 'ಶಾಂತ ಸ್ವಭಾವ'ಕ್ಕೆ ಇಂಗ್ಲಿಷಿನಲ್ಲಿ ಹೆಚ್ಚು ಘನತೆಯುಳ್ಳ ಪದವನ್ನು ಹುಡುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಮನೆಯನ್ನೆಲ್ಲ ತುಂಬಿತು, ಅದರ ಹಿಂದೆಯೇ ಅತ್ತೆಯ ದನಿ.

"ಏ ಹುಚ್ಚಖೋಡಿ! ಕಣ್ಣು ಎಲ್ಲಿಟ್ಟಿದ್ದಿ? ಗಟ್ಟಿ ಎಮ್ಮಿ ಹಾಲು, ಎಲ್ಲಾ ಒಲಿಗೆ ಅಭಿಷೇಕ ಆತಲ್ಲ! ಮೂಗರ ಐತೋ ಇಲ್ಲೋ? ನಾಳೆ ಕಾಲೇಜಿಗೆ ಬೆಂಕಿ ಬಿದ್ರೂ ಪುಸ್ತಕ ಹಿಡಕೊಂಡು ಅಲ್ಲೇ ಕುಂಡ್ರಾಕಿ ನೀನು, ಕತ್ತಿ!"

ನಾನು ಓಡಿ ಬಂದೆ. ಒಲೆಯ ತುಂಬ ಕಂದು ಕೆನೆ. ಹುಡುಗಿ ಕೈಯಲ್ಲಿ ಅತ್ತೆಯ ಬೈಗುಳದ ನೋಟ್‌ಬುಕ್ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಯಾವುದನ್ನು ಮೊದಲು ಒರೆಸಿಕೊಳ್ಳಬೇಕೆಂದು ತಿಳಿಯದವಳ ಹಾಗೆ.

ಅತ್ತೆ ಅರ್ಧದಲ್ಲಿಯೇ ನಿಂತರು. "ಸಿಕ್ತು!" ಎಂದರು. ಆಮೇಲೆ ಮೆತ್ತಗೆ, "ಏನ ಓದಾಕತ್ತಿದ್ದೆವ್ವಾ ಅಷ್ಟೊತ್ತು?"

"ಇದನ್ನ ಎರಡ ಸಲ ಓದಿದ್ನಿರಿ" ಎಂದಳು ಹುಡುಗಿ. ಅಷ್ಟು ಉದ್ದನೆಯ ಮಾತನ್ನು ಆಕೆ ಎರಡು ದಿನದಲ್ಲಿ ಆಡಿರಲಿಲ್ಲ. "ಇದರಾಗ ಒಂದು ಸಂಗತಿ ಐತ್ರಿ. ಹುಡುಗರಿಗೆಲ್ಲಾ ಅಡಗಿ ಮನ್ಯಾಗ, ಒಳಗ ಕುಂತದ್ದಕ್ಕ ಬೈದಾರ. ಹುಡಿಗ್ಯಾರಿಗೆಲ್ಲಾ ಅಂಗಡ್ಯಾಗ, ಬಸ್‌ಸ್ಟ್ಯಾಂಡಿನ್ಯಾಗ, ಹೊರಗ ನಿಂತದ್ದಕ್ಕ ಬೈದಾರ. ಮಾಡಿದ ಕೆಲಸಕ್ಕ ಬೈದದ್ದು ಕಡಿಮಿರಿ. ಎಲ್ಲಿ ಇದ್ರು ಅನ್ನೂದಕ್ಕನ ಬೈದದ್ದು."

ನಾನು ನೋಟ್‌ಬುಕ್ ಕಸಿದುಕೊಂಡು ನೋಡಿದೆ. ನಿಜ! ಇರುವೆಯ ಹುಡುಗ ಅಡುಗೆಮನೆಯಲ್ಲಿ, ಸಹಿ ಕಲಿಸಿದ ಹುಡುಗ ಭಾಂಡೆಯ ಬಳಿ, ಶಿರಹಟ್ಟಿಯ ಹುಡುಗಿ ರೇಷನ್ ಪಾಳಿಯಲ್ಲಿ. ಜಿಲ್ಲೆಯ ಯಾವ ಅನ್ಯಾಯವನ್ನೂ ಹೆಸರಿಸದೆ ಬಿಡದ ನಾನು, ಈ ಪುಟಗಳನ್ನೆಲ್ಲ ನನ್ನ ಕೈಯಾರೆ ಇಂಗ್ಲಿಷಿಗೆ ತಂದ ನಾನು, ಇದನ್ನು ಕಂಡಿರಲಿಲ್ಲ!

ಬರೆದಿದ್ದ ಕೊನೆಯ ಪುಟಕ್ಕೆ ಬಂದೆ. ಮೇಲೆ ದುಂಡು ಅಕ್ಷರದಲ್ಲಿ ಆ ಹುಡುಗಿ ತನ್ನ ಹೆಸರು ಬರೆದುಕೊಂಡಿದ್ದಳು. ಕೆಳಗೆ ಏನೂ ಇರಲಿಲ್ಲ.

ಅತ್ತೆ ಪೆನ್ನು ತೆಗೆದುಕೊಂಡು ಅಲ್ಲಿ ಬರೆದರು: 'ಹಾಲು ಉಕ್ಕಿಸಿದಳು. ಯಾರಿಗೂ ಕಾಣದ್ದನ್ನು ನೋಡುತ್ತಿದ್ದಳು.'

ಪತ್ರದ ಫಲವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಜ್ಞಾನದ ಶಿಕ್ಷಕಿ ಆ ಎರಡು ಸಾಲುಗಳಿಂದಲೇ ಆರಂಭಿಸಿ ಬರೆದರು, ಸೋಮವಾರ ಕಳಿಸಿದರು, ಹುಡುಗಿಗೆ ಸೀಟು ಸಿಕ್ಕಿತು. ಈಗ ಅಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಳೆ. ಆದರೆ ನಾನು ಹೇಳಬೇಕಾದದ್ದು ಆ ಭಾನುವಾರದ ಸಂಜೆಯದು.

ಹುಡುಗಿಯನ್ನು ಬಿಟ್ಟುಬರಲು ನಾವಿಬ್ಬರೂ ಶಿಗ್ಲಿಗೆ ಹೋದೆವು. ಅತ್ತೆ ಹೊಸ್ತಿಲಲ್ಲಿ ನಿಂತೇ ದೊಡ್ಡ ದನಿಯಲ್ಲಿ ದೂರು ಹೇಳಿದರು. "ನೋಡ್ರಿ, ನಿಮ್ಮ ಮನಿ ಹುಡಿಗಿ ನಮ್ಮ ಮನಿ ಹಾಲೆಲ್ಲಾ ಸುಟ್ಟಳು! ಏನ ಕಲಿಸೀರಿ ಆಕಿಗೆ?"

ಪರರ ಮನೆಯವರು ದೂರು ತಂದರೆ ಯಾವ ಆಣೆ ನಿಲ್ಲುತ್ತದೆ! ಅಜ್ಜಿಯ ಮುಖ ಕೆಂಪಾಯಿತು. "ಅಯ್ಯ ಮುದೇವಿ! ಮಂದಿ ಮನ್ಯಾಗ ಹಾಲು ಸುಟ್ಟು ಬಂದೀಯಲ್ಲ, ನಮ್ಮ ಮಾನಾ ತಗದೆಲ್ಲ!" ಎಂದವಳು, ಎಂದದ್ದು ಕಿವಿಗೆ ಬಿದ್ದು, ಗಕ್ಕನೆ ಬಾಯಿ ಮುಚ್ಚಿಕೊಂಡಳು. ಆದರೆ ಕಟ್ಟೆ ಒಡೆದಾಗಿತ್ತು. "ಹೌದಲ್ಲ, ಓದಾಕ ಕುಂತ್ರ ಕರದ್ರೂ ಓ ಅನ್ನಂಗಿಲ್ಲ ಆಕಿ!" ಎಂದಳು ಮಾಮಿ. "ಲೈಟ ಆರಿಸೂದೂ ಇಲ್ಲ!" ಎಂದ ಮಾವ. ಮಾವನ ಮಕ್ಕಳು ಗುದ್ದಾಟ ನಿಲ್ಲಿಸಿ ಬಾಯಿ ತೆರೆದು ನೋಡಿದರು. ಹುಡುಗಿ ತಲೆ ತಗ್ಗಿಸಿ, ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ನಾವು ಹೊರಟಾಗ ನೋಡಿದೆ: ಆಕೆಯ ಚಪ್ಪಲಿ ಹೊಸ್ತಿಲೊಳಗೆ, ಉಳಿದವರ ಚಪ್ಪಲಿಗಳ ಮೇಲೆ, ಒಂದು ಬೋರಲಾಗಿ ಬಿದ್ದಿತ್ತು.

ಬಸ್ಸು ಲಕ್ಷ್ಮೇಶ್ವರ ದಾಟಿತು. ಅತ್ತೆಯ ಮೊಳಕೈ ತನ್ನ ಜಾಗದಲ್ಲಿತ್ತು. ಗೆದ್ದ ಸಂಭ್ರಮದಲ್ಲಿ ನಾನು ನಗುತ್ತ ಕೇಳಿದೆ, "ಅತ್ತಿ, ನಿಮಗ ಮನ್ಯಾಗ ಯಾತಕ್ಕ ಬೈತಿದ್ರು?"

ಅವರು ಹೊರಗಿನ ಹೊಲಗಳನ್ನೇ ನೋಡುತ್ತಿದ್ದರು. "ಸಣ್ಣಾಕಿದ್ದಾಗ ಬೈತಿದ್ರವ್ವಾ, ಬೇಕಾದಷ್ಟು. ಲಗ್ನ ಆಗಿ, ಅವರು ತೀರಿ ಹೋಗಿ, ಇಪ್ಪತ್ತೊಂದಕ್ಕ ಹೊಳ್ಳಿ ಈ ಮನಿಗೆ ಬಂದೆನಲ್ಲ. ಆಮ್ಯಾಲ ಯಾರೂ ಬೈಲಿಲ್ಲ."

ಮನೆಯವರೆಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಸಂಗತಿ. ತಂದೆ ತಾಯಿ ತೂಗಿ ತೂಗಿ ಆಡುವ ಮಾತು ನೆನಪಾಯಿತು. ಕಟ್ಟೆಯ ಮೇಲೆ ಬೀದಿಗೆ ಮುಖಮಾಡಿ ನಿಂತ ಚಪ್ಪಲಿ ನೆನಪಾಯಿತು. ಎಷ್ಟೋ ವರ್ಷ ಅದನ್ನು ನೋಡಿ ನಾನು ನಕ್ಕಿದ್ದೇನೆ.

ಎದುರಿನಿಂದ ಹತ್ತಿ ಹೇರಿದ ಲಾರಿಯೊಂದು ಬಸ್ಸಿಗೆ ಒರಸುವಂತೆ ಬರುತ್ತಿತ್ತು.

"ಅತ್ತೀ! ಕೈ ಒಳಗ ತಗೋರಿ!" ಇದು ನನ್ನದೇ ದನಿಯೆಂದು ನನಗೇ ತಿಳಿಯಲಿಲ್ಲ. "ಎಷ್ಟ ಸಲ ಹೇಳಬೇಕು ನಿಮಗ? ತಲಿ ಮ್ಯಾಲ ಬರದದ್ದು ಓದಾಕ ಬರಂಗಿಲ್ಲೇನು? ಇಷ್ಟ ವಯಸ್ಸಾತು, ಬುದ್ಧಿ ಯಾವಾಗ ಬರತೈತಿ? ಮನಿಗೆ ಹೋದ ಕೂಡಲೆ ಆ ಚಪ್ಪಲೀನೂ ಒಳಗ ತಂದಿಡ್ರಿ. ಇನ್ನ ಮ್ಯಾಲ ಹೊರಗಿಟ್ಟರ ನೋಡ್ರಿ ಮತ್ತ!"

ಇಡೀ ಬಸ್ಸು ಹೊರಳಿ ನೋಡಿತು. ಅತ್ತೆ ಮೊಳಕೈಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು, ಸೆರಗಿನಲ್ಲಿ ಸುತ್ತಿ ಉಡಿಯಲ್ಲಿ ಇಟ್ಟುಕೊಂಡರು. ಗದಗ ಬರುವವರೆಗೂ ಅದನ್ನು ಅಲ್ಲಿಂದ ತೆಗೆಯಲಿಲ್ಲ.